ದಿನಬಳಕೆಯ ಐರಿಷ್: ಆ್ಯಪ್, ರೇಡಿಯೋ, ಮಾತಿನ ಕೂಟ

ಐರ್ಲೆಂಡಿನ ಗಾಲ್ವೇಗೆ ಬಂದ ಮೇಲೆ ಐರಿಷ್ ಕಲಿಯುವ ಆಸೆ ಹುಟ್ಟಿತು. ಊರ ಪಕ್ಕದಲ್ಲೇ ಕಾನೆಮಾರಾ ಇದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಐರಿಷೇ ಮನೆಮಾತು. ಊಟ, ಮಳೆ, ಅಂಗಡಿಯ ಮಾತು ಬಂದರೆ ಸಾಕು ಅಂದುಕೊಂಡು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಒಂದು ಮೊಬೈಲ್ ಆ್ಯಪ್. ಬಸ್ಸಿನಲ್ಲಿ ದಿನಕ್ಕೆ 15 ನಿಮಿಷ, ನಾಲ್ಕು ತಿಂಗಳು. ಹಣ್ಣು, ಬಣ್ಣ, ಪ್ರಾಣಿಗಳ ಹೆಸರು ಬೇಗ ಬಂದವು. ಆದರೆ ಎಲ್ಲವೂ ಬಿಡಿ ಪದಗಳು. ಬೇಕರಿಯಲ್ಲಿ ನಿಂತಾಗ ಬಾಯಿಂದ ಒಂದು ಸಾಲೂ ಹೊರಡಲಿಲ್ಲ. ಬಿ ಪಕ್ಕ ಎಚ್ ಬಂದರೆ ಸಾಮಾನ್ಯವಾಗಿ 'ವ' ಎನ್ನಬೇಕು ಅಂತಲೂ ಅದು ತಿಳಿಸಲಿಲ್ಲ.

ಆಮೇಲೆ ರಾಡಿಯೋ ನ ಗೇಲ್ತಖ್ತಾ. 1972ರಿಂದ ಐರಿಷ್‌ನಲ್ಲೇ ನಡೆಯುತ್ತಿರುವ ಬಾನುಲಿ. ಕಿವಿಗೆ ಹಬ್ಬ, ಆದರೆ ಮಾತು ತುಂಬ ವೇಗ. ಹವಾಮಾನ ಬಿಟ್ಟು ಜಾಸ್ತಿ ಏನೂ ಸಿಗಲಿಲ್ಲ.

ಮೂರನೆಯದು ಕಿರ್ಕಲ್ ಕೋರಾ, ಅಂದರೆ ಮಾತಿನ ಕೂಟ. ವಾರಕ್ಕೊಮ್ಮೆ ಕೆಫೆಯಲ್ಲಿ ಸೇರುತ್ತೇವೆ. ಖರ್ಚು ಒಂದು ಟೀ. ಮೊದಲ ಸಂಜೆ ಒಬ್ಬ ಅಜ್ಜಿ 'ಅನ್ ವಿಲ್ ಒಕ್ರಸ್ ಒರ್ತ್?' ಅಂದರು. ಹಸಿವು ನಿನ್ನ ಮೇಲಿದೆಯಾ, ಅಂತ. 'ತಾ' ಅಂದೆ. ಇದೆ! ಐರಿಷ್‌ನಲ್ಲಿ ಹೌದು, ಅಲ್ಲ ಎನ್ನಲು ಬೇರೆ ಪದವಿಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು ('ವಿಲ್', 'ತಾ' ಒಂದೇ ಕ್ರಿಯಾಪದದ ಎರಡು ರೂಪ). ನಾವೂ 'ಊಟ ಆಯ್ತಾ?' ಅಂದರೆ 'ಆಯ್ತು' ಅಂತೀವಿ, ಅಲ್ವಾ?

'ತಾ ಒಕ್ರಸ್ ಒರಮ್', ಹಸಿವು ನನ್ನ ಮೇಲಿದೆ. ಕನ್ನಡದಲ್ಲಿ ನನಗೆ ಹಸಿವಾಗಿದೆ. ಎರಡರಲ್ಲೂ ಹಸಿವು ನಮ್ಮ ಬಳಿ ಬರುವಂಥದ್ದು. 'ಬ್ರೋನ್' ಅಂದರೆ ದುಃಖ. ಹಸಿವಿನ ಜಾಗದಲ್ಲಿ ಅದನ್ನಿಟ್ಟು 'ತಾ ಬ್ರೋನ್ ಒರಮ್' ಅಂದರೆ ಕ್ಷಮೆ ಕೇಳಿದಂತೆ. 'ತಾ ಕುಪಾನ್ ತೇ ಅಗಮ್' ಅಂದರೆ ನನ್ನ ಹತ್ತಿರ ಒಂದು ಕಪ್ ಟೀ ಇದೆ. ಇಂಗ್ಲಿಷ್ ದಾರಿಯಲ್ಲಿ ಹೋಗಿ ಸುಮ್ನೆ ಒದ್ದಾಡಿದ್ದೆ. ಕನ್ನಡದ ಕಡೆಯಿಂದ ನೋಡಿದ ಮೇಲೆ ಸಾಲುಗಳು ತಾವಾಗಿಯೇ ಕೂಡಿಕೊಂಡವು.

ಕೂಟದಲ್ಲೂ ಒಂದು ತೊಡಕಿದೆ. ಐರಿಷ್ ಮಾತು ಪ್ರಾಂತ್ಯಕ್ಕೊಂದು ಬಗೆ: ಹೇಗಿದ್ದೀರಿ ಅನ್ನುವುದಕ್ಕೆ ಕಾನಾಕ್ಟಿನವರದು ಒಂದು ಬಗೆ, ಮನ್‌ಸ್ಟರಿನವರದು ಇನ್ನೊಂದು, ಅಲ್ಸ್ಟರಿನವರದು ಮತ್ತೊಂದು. ಇದಕ್ಕೆ ತ್ಯಾಂಗ್‌ಲನ್ ಎಂಬ ಉಚಿತ ನಿಘಂಟು ತಾಣ ತುಂಬ ನೆರವಾಯಿತು. ಅಲ್ಲಿ ಸಾವಿರಾರು ಪದಗಳನ್ನು ಮೂರೂ ಕಡೆಯವರ ದನಿಯಲ್ಲಿ ಕೇಳಬಹುದು.

ಹೊಸಬರು ಕೇಳಿದರೆ, ಮೊದಲು ಕೂಟಕ್ಕೇ ಬನ್ನಿ ಅಂತೀನಿ. ಕೇಳಿದ ಪದಗಳನ್ನು ರಾತ್ರಿ ಮನೆಯಲ್ಲಿ ಮತ್ತೆ ಕೇಳಿ, ಜೋರಾಗಿ ಹೇಳಿ. ಆ್ಯಪ್ ಬಸ್ಸಿಗೆ ಸಾಕು.