ಹರಿಗೋಲಿಗೆ ಯಾವ ಲೈಫ್ ಜಾಕೆಟ್? ಮೂರನ್ನು ತೊಟ್ಟು ನೋಡಿದ ಮೇಲೆ

ಬೇಸಿಗೆ ರಜೆ ಬಂದರೆ ನಮ್ಮ ಮನೆಯವರು ಹಾವೇರಿಯಿಂದ ಚೌಡಯ್ಯದಾನಪುರಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಮುಕ್ತೇಶ್ವರನ ದರ್ಶನ, ತುಂಗಭದ್ರೆಯ ದಡದಲ್ಲಿ ಊಟ, ಆಮೇಲೆ ಹರಿಗೋಲಿನಲ್ಲಿ ಒಂದು ಸುತ್ತು. ಅಂಬಿಗರ ಚೌಡಯ್ಯನ ಊರಿನಲ್ಲಿ ಹುಟ್ಟು ಹಿಡಿದವರ ಕೈಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಆದರೆ ನಮ್ಮ ಆರು ಜನರಲ್ಲಿ ಈಜು ಬರುವುದು ನನ್ನೊಬ್ಬಳಿಗೇ. ಹಿಂದೊಮ್ಮೆ ಒಂದು ಕೆರೆಯ ದೋಣಿವಿಹಾರದಲ್ಲಿ ಅತ್ತೆಗೆ ಕೊಟ್ಟ ಜಾಕೆಟ್ಟಿನ ಬಕಲ್ ಮುರಿದಿತ್ತು. ಕೇಳಿದರೆ, "ಸುಮ್ಮನೆ ಹೆಗಲ ಮೇಲೆ ಹಾಕಿಕೊಳ್ಳಿ" ಎಂದರು. ದಡ ಸೇರುವವರೆಗೂ ನಾನು ಅತ್ತೆಯ ಕೈ ಬಿಡಲಿಲ್ಲ.

ನಮ್ಮವೇ ಜಾಕೆಟ್ ಇರಲಿ ಎಂದು ಅಂದೇ ತೀರ್ಮಾನಿಸಿದೆ. ಮೂರು ಬಗೆಯವನ್ನು ತರಿಸಿ, ಏಪ್ರಿಲ್‌ನಲ್ಲಿ ನೀರು ಇಳಿದಾಗ ಎದೆಮಟ್ಟದ ಹೊಳೆಯಲ್ಲಿ ತೊಟ್ಟು ನೋಡಿದೆ. ಮರಳು ತೆಗೆದ ಗುಂಡಿಗಳು ಎಲ್ಲಿವೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಹಾಗಾಗಿ ಜಾಗವನ್ನು ಅಂಬಿಗರೇ ಆರಿಸಿದರು, ಹಗ್ಗದ ತುದಿ ಹಿಡಿದು ಪಕ್ಕದಲ್ಲೇ ನಿಂತರು.

ಜಾಕೆಟ್ ತೇಲಿಸುವ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಹೇಳುತ್ತಾರೆ. 10 ನ್ಯೂಟನ್ ಎಂದರೆ ಹೆಚ್ಚುಕಡಿಮೆ 1 ಕಿಲೋ ಎತ್ತುವ ಬಲ. ಮೊದಲು ತೊಟ್ಟದ್ದು 50 ನ್ಯೂಟನ್ನಿನ, ಕಾಲರ್ ಇಲ್ಲದ ಅಂಗಿಯಂಥದು. ತೋಳು ಸಲೀಸಾಗಿ ಆಡುತ್ತದೆ, ಬಿಸಿಲಿನಲ್ಲೂ ಹಿತವಾಗಿದೆ. ಆದರೆ ಮೈ ಸಡಿಲ ಬಿಟ್ಟು ಬೋರಲಾಗಿ ಮಲಗಿದಾಗ ನಾನು ಬೋರಲಾಗಿಯೇ ಉಳಿದೆ. ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಈಜು ಬಲ್ಲವರಿಗಷ್ಟೇ ಅದು ಸಾಕು.

ಗಾಳಿ ತುಂಬುವ 150 ನ್ಯೂಟನ್ನಿನ ಜಾಕೆಟ್ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಆಸೆಯಿತ್ತು. ಕೊರಳಲ್ಲಿ ಪಟ್ಟಿಯಂತೆ ಹಗುರವಾಗಿರುತ್ತದೆ. ನೀರು ತಾಗಿ ಒಳಗಿನ ಬಿಲ್ಲೆ ಕರಗಿದೊಡನೆ ಪುಟ್ಟ ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ನುಗ್ಗಿ ಜಾಕೆಟ್ ಉಬ್ಬುತ್ತದೆ. ಕಣ್ಣು ಮಿಟುಕಿಸುವುದರೊಳಗೆ ನನ್ನನ್ನು ಅಂಗಾತ ತಿರುಗಿಸಿತು. ಸಮುದ್ರಕ್ಕೆ ಹೋಗುವವರು ಇದನ್ನು ಮೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ನಮ್ಮ ಹೊಳೆಗೆ ಬೇಡ ಎನ್ನುತ್ತೇನೆ. ಹರಿಗೋಲಿನ ತಳದಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ, ಮಕ್ಕಳು ನೀರೆರಚುತ್ತಾರೆ. ಬಿಲ್ಲೆ ನೆನೆದರೆ ಕುಳಿತಲ್ಲೇ ಉಬ್ಬಬಹುದು. ಒಮ್ಮೆ ಉಬ್ಬಿದರೆ ಸಿಲಿಂಡರ್, ಬಿಲ್ಲೆ ಎರಡೂ ಹೊಸದಾಗಿ ಬೇಕು. ಹಾವೇರಿಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಎಲ್ಲಕ್ಕಿಂತ ಹೆದರಿಸಿದ್ದು ದಡದುದ್ದಕ್ಕೂ ಬೆಳೆದ ಬಳ್ಳಾರಿ ಜಾಲಿ. ಒಂದು ಮುಳ್ಳು ಚುಚ್ಚಿದರೂ ಅದು ಬರೀ ಬಟ್ಟೆ.

ಹೀಗಾಗಿ ನಾನು ಒಪ್ಪಿದ್ದು ಎಲ್ಲರೂ ನೋಡಿರುವ ಕಿತ್ತಳೆ ಬಣ್ಣದ, ಕಾಲರ್ ಇರುವ, 100 ನ್ಯೂಟನ್ನಿನ ಫೋಮ್ ಜಾಕೆಟ್ಟನ್ನು. ನಿಧಾನವಾಗಿಯಾದರೂ ಅಂಗಾತ ತಿರುಗಿಸಿತು. ಮುಳ್ಳು ಚುಚ್ಚಿದರೂ ತೇಲುತ್ತದೆ. ಕೊರತೆಯೂ ಇದೆ: ಹರಿಗೋಲಿನಲ್ಲಿ ಮೊಣಕಾಲು ಮಡಿಸಿ ಕುಳಿತರೆ ಗದ್ದಕ್ಕೆ ಒತ್ತುತ್ತದೆ, ಮಧ್ಯಾಹ್ನದ ಹೊತ್ತು ಬೆವರು ಇಳಿಸುತ್ತದೆ. ಫೋಮನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಹಳ್ಳ ಹಾಗೇ ಉಳಿದರೆ ಅಂಥದನ್ನು ಕೊಳ್ಳಬಾರದು. ತೊಟ್ಟ ಮೇಲೆ ಹೆಗಲಿನ ಪಟ್ಟಿಗಳನ್ನು ಹಿಡಿದು ಬೇರೆಯವರು ಮೇಲಕ್ಕೆ ಎಳೆಯಬೇಕು. ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು.

ಸೀರೆಯ ಮಾತಂತೂ ಯಾವ ಅಂಗಡಿಯವರೂ ಎತ್ತುವುದಿಲ್ಲ. ಜಾಕೆಟ್ ಮೇಲಕ್ಕೆ ಜಾರದಂತೆ ತೊಡೆಗಳ ನಡುವೆ ಬರುವ ಪಟ್ಟಿಯನ್ನು ಸೀರೆಯುಟ್ಟವರು ಕಟ್ಟಿಕೊಳ್ಳಲಾಗದು. ಹಳೆಯ ಇಳಕಲ್ ಸೀರೆಯಲ್ಲೇ ನೀರಿಗಿಳಿದು ನೋಡಿದೆ: ಸೊಂಟಕ್ಕೆ ಒಂದೇ ಬೆಲ್ಟ್ ಇದ್ದಾಗ ಜಾಕೆಟ್ ಮೂಗಿನವರೆಗೆ ಬಂತು. ಎರಡು ಬೆಲ್ಟ್ ಇದ್ದದ್ದು, ಕೆಳಗಿನದನ್ನು ಪಕ್ಕೆಲುಬಿನ ಕೆಳಗೆ ಬಿಗಿದಾಗ ಅಲ್ಲಾಡಲಿಲ್ಲ. ಅತ್ತೆಗೆ ಅದನ್ನೇ ಕೊಂಡೆ. ಏಳು ವರ್ಷದ ಮಗಳಿಗೆ ಅವಳ ತೂಕಕ್ಕೆ ತಕ್ಕ ಬೇರೆಯದೇ ಬೇಕಾಯಿತು, ತೊಡೆಪಟ್ಟಿ ಮತ್ತು ಕಾಲರಿನ ಹಿಂದೆ ಹಿಡಿಕೆ ಇರುವಂಥದು. ಬೆಳೆಯುವ ಮಗುವೆಂದು ದೊಡ್ಡ ಅಳತೆಯದು ತರುವ ರೂಢಿಯನ್ನು ಇಲ್ಲಿ ದಯವಿಟ್ಟು ಬಿಡಿ. ದೊಡ್ಡ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿಹೋಗುತ್ತದೆ.

ಬಾವಿಯಲ್ಲಿ ಈಜು ಕಲಿತ ಲಾರಿ ಟ್ಯೂಬನ್ನೂ ಒಯ್ದಿದ್ದೆವು. ಹಿಡಿದುಕೊಳ್ಳಲು ಕಸುವು ಇರುವವರೆಗೆ ಮಾತ್ರ ಅದರ ಆಸರೆ. ಎಸೆಯುವ ಹಗ್ಗದಲ್ಲಿ ಪಾಲಿಪ್ರೊಪಿಲಿನ್‌ನದು ನೀರಿನ ಮೇಲೆ ಕಣ್ಣಿಗೆ ಕಾಣುವಂತೆ ತೇಲಿತು, ನೂಲಿನದು ನೆನೆದು ಮುಳುಗಿತು. ಪ್ರತಿ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿದೆ.

ಹೊರಡುವಾಗ ಅಂಬಿಗರು 50 ನ್ಯೂಟನ್ನಿನದನ್ನು ತೊಟ್ಟು ನಾಲ್ಕು ಬಾರಿ ಹುಟ್ಟು ಬೀಸಿದರು. "ಇದರಲ್ಲಿ ತೋಳು ಆಡುತ್ತದೆ ತಂಗಿ, ಇಷ್ಟು ದಿನ ಇದಕ್ಕೇ ನಾನು ಏನೂ ತೊಡುತ್ತಿರಲಿಲ್ಲ" ಎಂದರು. ಅದನ್ನು ಅವರಿಗೇ ಕೊಟ್ಟು ಬಂದೆ.