ಅಂತಾಲ್ಯದಿಂದ ಪಾಮುಕ್ಕಲೆಗೆ ಒಂದು ದಿನದ ಬಸ್ ಪ್ರವಾಸ: ಮುಂಗಡ ಕೊಡುವ ಮೊದಲು

ಟರ್ಕಿಯ ಮೆಡಿಟರೇನಿಯನ್ ಕರಾವಳಿಯ ಅಂತಾಲ್ಯದಲ್ಲಿ ತಂಗಿ, ಅಲ್ಲಿಂದ ಬಿಳಿ ಸುಣ್ಣಕಲ್ಲಿನ ಮೆಟ್ಟಿಲುಗಳಿಗೆ ಹೆಸರಾದ ಪಾಮುಕ್ಕಲೆಯನ್ನು ಒಂದೇ ದಿನದಲ್ಲಿ ನೋಡಿಕೊಂಡು ಬರುವ ಯೋಚನೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಜುಲೈ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು ಸಾಗರದಿಂದ ಬಂದಿದ್ದ ಅಮ್ಮ, ನಾವಿರುವ ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಒಂದು ವಾರದ ರಜೆಗೆಂದು ಅಲ್ಲಿಗೆ ಹೋಗಿದ್ದೆವು. ಕೊನ್ಯಾಲ್ಟಿ ಕಡಲತೀರದ ಬೀದಿಯಲ್ಲಿ ಹತ್ತು ಹೆಜ್ಜೆಗೊಂದರಂತೆ ಪ್ರವಾಸದ ಟಿಕೆಟ್ ಮಾರುವ ಗೂಡಂಗಡಿಗಳಿವೆ. ಅವುಗಳಲ್ಲೊಂದರಲ್ಲಿ ಬೆಲೆ ಉಳಿದ ಕಡೆಗಳಿಗಿಂತ ಅರ್ಧದಷ್ಟಿತ್ತು, ಊಟವೂ ಪ್ರವೇಶ ಶುಲ್ಕವೂ ಅದರಲ್ಲೇ ಸೇರಿದೆ ಎಂದರು. ಇಷ್ಟು ಕಡಿಮೆ ಏಕೆ ಎಂದು ಕೇಳಬೇಕೆಂದು ನನಗೆ ಆಗ ತೋಚಲಿಲ್ಲ.

ಅಂತಾಲ್ಯದಿಂದ ಪಾಮುಕ್ಕಲೆಗೆ ರಸ್ತೆಯಲ್ಲಿ ಸುಮಾರು 240 ಕಿಲೋಮೀಟರ್. ಟಾರಸ್ ಬೆಟ್ಟಗಳನ್ನು ಹತ್ತಿ, ಕೊರ್ಕುತೆಲಿಯ ಬಯಲನ್ನು ದಾಟಿ, ದೆನಿಜ್ಲಿ ನಗರವನ್ನು ಮುಟ್ಟಬೇಕು. ಕಾರಿನಲ್ಲಾದರೂ ಮೂರೂವರೆ ಗಂಟೆಯ ಹಾದಿ. ನಮ್ಮ ಬಸ್ಸು ಹೋಟೆಲಿನ ಬಾಗಿಲಿಗೆ ಬಂದದ್ದು ಬೆಳಗಿನ 4.50ಕ್ಕೆ. ಹೊರಟೆವೆಂದುಕೊಂಡರೆ ಅದು ಬೆಟ್ಟದ ಕಡೆಗೆ ತಿರುಗದೆ ಪೂರ್ವಕ್ಕೆ, ಲಾರಾ ಮತ್ತು ಬೆಲೆಕ್ ಕಡೆಯ ಹೋಟೆಲುಗಳಿಗೆ ಹೋಗಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡಿತು. ಊರು ಬಿಡುವ ಹೊತ್ತಿಗೆ 6.40 ಆಗಿತ್ತು. ಅಲ್ಲಿಂದ ಮುಂದಿನದನ್ನು ಅಮ್ಮನ ಔಷಧಿ ಚೀಟಿಯ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದೆ. ಸಿಟ್ಟು ಬಂದಾಗ ಲೆಕ್ಕ ಬರೆಯುವುದು ನನ್ನ ಅಭ್ಯಾಸ.

ಹತ್ತೂಕಾಲಕ್ಕೆ ಮೊದಲ ‘ಶೌಚಾಲಯ ವಿರಾಮ’ ಬಂತು. ಶೌಚಾಲಯವಿದ್ದದ್ದು ಓನಿಕ್ಸ್ ಕಲ್ಲಿನ ಅಂಗಡಿಯೊಳಗೆ, ಎಲ್ಲ ಕಪಾಟುಗಳನ್ನೂ ಹಾದುಹೋದ ಮೇಲೆ, ಕೊನೆಯಲ್ಲಿ. ಕುಶಲಕರ್ಮಿಯೊಬ್ಬರು ಯಂತ್ರದ ಮೇಲೆ ಕಲ್ಲಿನ ತುಂಡನ್ನು ತಿರುಗಿಸಿ ಎರಡು ನಿಮಿಷದಲ್ಲಿ ಮೊಟ್ಟೆಯೊಂದನ್ನು ಕಡೆದು, ಪ್ರಶ್ನೆಗೆ ಉತ್ತರ ಹೇಳಿದ ಹುಡುಗನಿಗೆ ಅದನ್ನು ಬಹುಮಾನವಾಗಿ ಕೊಟ್ಟರು; ಆ ಎರಡು ನಿಮಿಷ ನಿಜಕ್ಕೂ ಚೆನ್ನಾಗಿತ್ತು. ಉಳಿದ 48 ನಿಮಿಷ ಆಭರಣದ ಮೇಜುಗಳ ನಡುವೆ ಕಳೆಯಿತು. ನಾವು ಕೊಳ್ಳುವುದಿಲ್ಲ, ಹೊರಡೋಣ ಎಂದಾಗ ಮಾರ್ಗದರ್ಶಿ ಬಹಳ ವಿನಯದಿಂದ, ‘ಕಡ್ಡಾಯವೇನಿಲ್ಲ, ಆದರೆ ಎಲ್ಲರೂ ಹೊರಗೆ ಬಂದ ಮೇಲೆಯೇ ಬಸ್ಸು ಹೊರಡುತ್ತದೆ’ ಎಂದರು. ಆಮೇಲೆ ಊಟ, ಊಟದ ನಂತರ ಬಟ್ಟೆ ಅಂಗಡಿ. ದೆನಿಜ್ಲಿ ಹತ್ತಿ ಬಟ್ಟೆಗೆ ಹೆಸರಾದ ಊರು, ಅಲ್ಲಿನ ಟವೆಲುಗಳು ಒಳ್ಳೆಯವೇ. ಆದರೆ ಟವೆಲು ಕೊಳ್ಳಲು ಯಾರೂ ಬೆಳಗಿನ ಜಾವ ನಾಲ್ಕು ಗಂಟೆಗೆ ಏಳುವುದಿಲ್ಲ.

ಸಸ್ಯಾಹಾರಿಗಳು ಊಟದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಬೇಳೆಯ ಸೂಪು ಎಂದು ನಂಬಿ ಅಮ್ಮನಿಗೆ ಬಟ್ಟಲು ತುಂಬಿಸಿ ತಂದಿದ್ದೆ. ಅನುಮಾನ ಬಂದು ಬಡಿಸುವವರನ್ನು ಕೇಳಿದಾಗ ಅದನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ್ದೆಂದು ತಿಳಿಯಿತು. ಅಮ್ಮ ಬ್ರೆಡ್ಡು, ಮೊಸರು, ನಾಲ್ಕು ಚೂರು ಸೌತೆಕಾಯಿಯಲ್ಲಿ ಊಟ ಮುಗಿಸಿದರು. ನೀರಿನ ಬಾಟಲಿಗೆ ಬೇರೆ ಹಣ, ಏಕೆಂದರೆ ‘ಊಟ ಸೇರಿದೆ’ ಎಂಬ ಮಾತಿನಲ್ಲಿ ಕುಡಿಯುವುದು ಸೇರಿರಲಿಲ್ಲ.

ಕೊನೆಗೆ ಪಾಮುಕ್ಕಲೆಯ ದಕ್ಷಿಣ ದ್ವಾರದಲ್ಲಿ ಇಳಿದಾಗ ಮಧ್ಯಾಹ್ನ 1.40. ಇಡೀ ದಿನದ ಅತಿ ಕೆಟ್ಟ ಹೊತ್ತು ಅದು. ಬಿಸಿನೀರಿನ ಬುಗ್ಗೆಯಲ್ಲಿ ಕರಗಿ ಬರುವ ಸುಣ್ಣದ ಅಂಶ, ನೀರು ಗಾಳಿಗೆ ತೆರೆದುಕೊಂಡು ಇಂಗಾಲದ ಡೈಆಕ್ಸೈಡ್ ಹೊರಹೋದಂತೆ, ಮೊದಲು ಲೋಳೆಯಂತೆ ಕೂತು ಬರಬರುತ್ತಾ ಕಲ್ಲಾಗಿ, ಸಾವಿರಾರು ವರ್ಷಗಳಲ್ಲಿ ಇಡೀ ಗುಡ್ಡದ ಪಕ್ಕೆಯನ್ನು ಬೆಳ್ಳಗಿನ ಮೆಟ್ಟಿಲುಗಳನ್ನಾಗಿ ಮಾಡಿದೆ. ಈ ಬಿಳುಪಿನ ಮೇಲೆ ಜುಲೈ ತಿಂಗಳ ನಡುಹಗಲಿನ ಬಿಸಿಲು ಬಿದ್ದರೆ ಕಣ್ಣು ಬಿಡಲಾಗುವುದಿಲ್ಲ. ಕಲ್ಲು ಸವೆಯದಿರಲೆಂದು ಅದರ ಮೇಲೆ ಪಾದರಕ್ಷೆಯನ್ನು ನಿಷೇಧಿಸಿದ್ದಾರೆ. ಅದು ಸರಿಯಾದ ನಿಯಮವೇ, ಆದರೆ ಮಂಡಿನೋವಿರುವ ಅಮ್ಮನಿಗೆ ಇದನ್ನು ಮೊದಲೇ ಹೇಳಿದವರಿಲ್ಲ. ನೀರು ಹರಿಯುವಲ್ಲಿ ನೆಲ ನುಣುಪಾಗಿ ಜಾರುತ್ತದೆ, ಒಣಗಿದ ಕಡೆ ಸಣ್ಣ ಸಣ್ಣ ಏಣುಗಳು ಅಂಗಾಲಿಗೆ ಒತ್ತುತ್ತವೆ. ‘ಹೊಸದಾಗಿ ಉಳಿ ಹೊಡೆಸಿದ ಬೀಸುಕಲ್ಲಿನ ಮೇಲೆ ನಿಲ್ಲಿಸಿದ ಹಾಗಿದೆಯಲ್ಲೋ’ ಎಂದು ಅಮ್ಮ ಇಪ್ಪತ್ತು ಹೆಜ್ಜೆಯಲ್ಲೇ ಹಿಂದಿರುಗಿ ಮರದ ನೆರಳು ಹುಡುಕಿ ಕುಳಿತರು. ಹೆಂಡತಿಯೂ ಅವರ ಜೊತೆ ಉಳಿದಳು.

ಗೂಡಂಗಡಿಯಲ್ಲಿ ತೋರಿಸಿದ ಚಿತ್ರದಲ್ಲಿ ಪ್ರತಿ ಮೆಟ್ಟಿಲಿನಲ್ಲೂ ತಿಳಿನೀಲಿ ನೀರು ತುಂಬಿತ್ತು. ವಾಸ್ತವದಲ್ಲಿ ಬಹುಪಾಲು ಮೆಟ್ಟಿಲುಗಳು ಒಣಗಿದ್ದವು. ಇದರಲ್ಲಿ ಸ್ಥಳದ ತಪ್ಪಿಲ್ಲ: ಕಲ್ಲು ಪಾಚಿಗಟ್ಟದೆ ಬೆಳ್ಳಗೇ ಉಳಿಯಲೆಂದು ನೀರನ್ನು ಸರದಿಯಂತೆ ಒಂದೊಂದು ಭಾಗಕ್ಕೆ ಬಿಡುತ್ತಾರೆ. ಹಿಂದೆ ಗುಡ್ಡದ ಮೇಲೆಯೇ ಹೋಟೆಲುಗಳಿದ್ದು ಬುಗ್ಗೆಯ ನೀರನ್ನು ತಮ್ಮ ಕೊಳಗಳಿಗೆ ಎಳೆದುಕೊಳ್ಳುತ್ತಿದ್ದವು; 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬಳಿಕ ಅವುಗಳನ್ನು ಕೆಡವಲಾಯಿತು. ಈ ಎಚ್ಚರಿಕೆಯ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಹಳೆಯ ಚಿತ್ರ ತೋರಿಸಿ ಟಿಕೆಟ್ ಮಾರುವವರ ಮೇಲೆ.

ನನಗೆ ಹೆಚ್ಚು ನೋವಾದದ್ದು ಬೇರೊಂದು ಕಾರಣಕ್ಕೆ. ಸುಣ್ಣದ ಮೆಟ್ಟಿಲುಗಳ ಮೇಲ್ಭಾಗದಲ್ಲೇ ಹಿಯೆರಾಪೊಲಿಸ್ ಎಂಬ ಪ್ರಾಚೀನ ನಗರವಿದೆ. ಅಲ್ಲಿನ ಒಂದು ಕಲ್ಲಿನ ಶವಪೆಟ್ಟಿಗೆಯ ಮೇಲೆ, ಕ್ರಿಸ್ತಶಕ ಮೂರನೆಯ ಶತಮಾನದ ಉಬ್ಬುಚಿತ್ರದಲ್ಲಿ, ನೀರಿನ ಚಕ್ರದಿಂದ ಓಡುವ ಗರಗಸದ ಯಂತ್ರವನ್ನು ಕೆತ್ತಿದ್ದಾರೆ. ತಿರುಗುವ ಚಲನೆಯನ್ನು ಹಿಂದೆ ಮುಂದೆ ಓಡಾಡುವ ಚಲನೆಯನ್ನಾಗಿಸುವ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡಿನ ಜೋಡಣೆಗೆ ತಿಳಿದಿರುವ ಅತಿ ಹಳೆಯ ಪುರಾವೆಗಳಲ್ಲಿ ಅದೂ ಒಂದು. ಎಂಜಿನ್ನಿನ ಬಿಡಿಭಾಗಗಳ ಕೆಲಸದಲ್ಲೇ ಹದಿನೈದು ವರ್ಷ ಕಳೆದಿರುವ ನನಗೆ ಪಾಮುಕ್ಕಲೆ ಎಂದರೆ ಮೊದಲು ನೆನಪಾಗುತ್ತಿದ್ದದ್ದೇ ಅದು. ಸಾವಿರಕ್ಕೂ ಹೆಚ್ಚು ಸಮಾಧಿಗಳಿರುವ ದೊಡ್ಡ ಸಮಾಧಿಭೂಮಿ ಉತ್ತರ ದ್ವಾರದ ಕಡೆಗಿದೆ, ನಮ್ಮನ್ನು ಇಳಿಸಿದ್ದು ದಕ್ಷಿಣದಲ್ಲಿ, ಕೊಟ್ಟಿದ್ದ ಸಮಯ ಒಂದು ಗಂಟೆ ನಲವತ್ತು ನಿಮಿಷ. ಅಮ್ಮನನ್ನು ಬಿಸಿಲಿನಲ್ಲಿ ಬಿಟ್ಟು ಅಷ್ಟು ದೂರ ಹೋಗಿಬರುವುದು ಸಾಧ್ಯವಿರಲಿಲ್ಲ. ರೋಮನ್ ರಂಗಮಂದಿರವನ್ನು ಕೆಳಗಿನಿಂದಲೇ ನೋಡಿದೆ. ಉರುಳಿದ ಅಮೃತಶಿಲೆಯ ಕಂಬಗಳ ನಡುವೆ ಈಜಬಹುದಾದ, ಕ್ಲಿಯೋಪಾತ್ರಳ ಹೆಸರು ಹೊತ್ತ ಕೊಳಕ್ಕೆ ಪ್ರತ್ಯೇಕ ಶುಲ್ಕವೆಂಬುದೂ ಅಲ್ಲಿ ಹೋದ ಮೇಲೆಯೇ ತಿಳಿದದ್ದು.

ಮರಳುವಾಗ ಸಿಹಿತಿಂಡಿಯ ಅಂಗಡಿಯಲ್ಲಿ ಇನ್ನೊಂದು 40 ನಿಮಿಷ. ಹೋಟೆಲು ಸೇರಿದಾಗ ರಾತ್ರಿ 10.40. ಔಷಧಿ ಚೀಟಿಯ ಲೆಕ್ಕ ಹೀಗಿತ್ತು: ಒಟ್ಟು ಹದಿನೆಂಟು ಗಂಟೆಗೆ ಹತ್ತು ನಿಮಿಷ ಕಡಿಮೆ, ಅದರಲ್ಲಿ ಅಂಗಡಿಗಳಿಗೆ 135 ನಿಮಿಷ, ಪಾಮುಕ್ಕಲೆಗೆ 100. ನಾವು ಕೊಟ್ಟ ಕಡಿಮೆ ಬೆಲೆಯ ಉಳಿದ ಪಾಲನ್ನು ಯಾರು ತುಂಬುತ್ತಾರೆಂಬುದು ಇದರಿಂದಲೇ ಅರ್ಥವಾಗುತ್ತದೆ. ಮರುದಿನ ಗೂಡಂಗಡಿಗೆ ಹೋಗಿ ಕೇಳಿದರೆ, ರಸೀದಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ‘ಕಾರ್ಯಕ್ರಮದಲ್ಲಿ ಬದಲಾವಣೆಯಾಗಬಹುದು’ ಎಂಬ ಸಾಲನ್ನು ಬೆರಳಿಟ್ಟು ತೋರಿಸಿದರು.

ಆದುದರಿಂದ ಹೋಗುವವರು ಬೆಲೆ ಕೇಳುವುದಕ್ಕೂ ಮೊದಲು, ಸ್ಥಳದಲ್ಲಿ ಎಷ್ಟು ಗಂಟೆ ಬಿಡುತ್ತೀರಿ, ಯಾವ ದ್ವಾರದಲ್ಲಿ ಇಳಿಸುತ್ತೀರಿ, ದಾರಿಯಲ್ಲಿ ಎಷ್ಟು ಅಂಗಡಿಗಳಿವೆ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಮುಂದಿನ ಗೂಡಂಗಡಿಗೆ ಹೋಗಿ. ಟರ್ಕಿಯಲ್ಲಿ ಪರವಾನಗಿ ಇರುವ ಪ್ರವಾಸ ಸಂಸ್ಥೆಗೆ ತುರ್ಸಾಬ್ (ಅಲ್ಲಿನ ಪ್ರವಾಸ ಸಂಸ್ಥೆಗಳ ಒಕ್ಕೂಟ) ನೋಂದಣಿ ಸಂಖ್ಯೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಅಂತಾಲ್ಯದ ದೊಡ್ಡ ಬಸ್ ನಿಲ್ದಾಣದಿಂದ ದೆನಿಜ್ಲಿಗೆ ಸಾಮಾನ್ಯ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಪಾಮುಕ್ಕಲೆಗೆ ಮಿನಿಬಸ್ ಹಿಡಿದು, ಗುಡ್ಡದ ಬುಡದ ಊರಿನಲ್ಲಿ ಒಂದು ರಾತ್ರಿ ತಂಗುವುದು. ಆಗ ಸಂಜೆಯ ಇಳಿಬಿಸಿಲಿನಲ್ಲೂ ಬೆಳಗಿನ ತಂಪಿನಲ್ಲೂ ಅಲ್ಲಿರಬಹುದು. ಒಂದು ರಾತ್ರಿ ಕೊಡಲಾಗದಿದ್ದರೆ ಪಾಮುಕ್ಕಲೆಯನ್ನು ಬಿಟ್ಟುಬಿಡುವುದೇ ಲೇಸು. ನಿಜವಾಗಿ ಒಂದು ದಿನದಲ್ಲಿ ಮುಗಿಯುವ ಜಾಗಗಳು ಅಂತಾಲ್ಯದ ಸುತ್ತಲೇ ಇವೆ: ಪೂರ್ವಕ್ಕೆ ಆಸ್ಪೆಂಡೋಸಿನ ರಂಗಮಂದಿರ, ಬೆಟ್ಟದ ಮೇಲೆ ಟೆರ್ಮೆಸೋಸ್, ಕೆಮೆರ್ ದಾರಿಯಲ್ಲಿ ಕಡಲಿಗೆ ಅಂಟಿಕೊಂಡ ಫಾಸೆಲಿಸ್ ಎಂಬ ಪ್ರಾಚೀನ ನಗರಗಳ ಅವಶೇಷಗಳು.

ಎರಡು ದಿನ ವಿಶ್ರಾಂತಿ ಪಡೆದ ಮೇಲೆ ನಾವು ಟ್ರಾಮಿನಲ್ಲಿ ಅಕ್ಸುವಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದು ಪೆರ್ಗೆ ಎಂಬ ಪ್ರಾಚೀನ ನಗರವನ್ನು ನೋಡಿಬಂದೆವು. ಅಲ್ಲಿನ ಕ್ರೀಡಾಂಗಣದ ಕಲ್ಲಿನ ಕಮಾನುಗಳ ತಂಪಿನಲ್ಲಿ ಅಮ್ಮ ಕಾಲು ಚಾಚಿ ಒಂದು ಗಂಟೆ ಕುಳಿತಿದ್ದರು, ಹೊರಡಿ ಎನ್ನುವವರು ಯಾರೂ ಇರಲಿಲ್ಲ. ರೋಮನ್ನರ ಕಾಲದಲ್ಲಿ ಇಂಥ ಕಮಾನುಗಳಲ್ಲೇ ಅಂಗಡಿ ಇಟ್ಟುಕೊಂಡಿದ್ದರಂತೆ ಎಂದೆ. ‘ಇಲ್ಲಿಯೂ ಅಂಗಡಿಯೇನೋ?’ ಎಂದು ಅಮ್ಮ ನಕ್ಕರು, ಆದರೆ ಏಳಲಿಲ್ಲ.