ರಾಡ್, ಪ್ಲೇಟ್ ಇದ್ದವರ ಎಂಆರ್‌ಐ: ಯಾವ ಸೆಟ್ಟಿಂಗ್ ವಾಸಿ?

ಬಳ್ಳಾರಿಯ ಸ್ಕ್ಯಾನ್ ಸೆಂಟರ್‌ನಲ್ಲಿ ಕೂತವರಿಗೆ ರಾಡ್, ಪ್ಲೇಟ್ ಹಾಕಿಸಿಕೊಂಡ ಪೇಷಂಟ್‌ಗಳ ಬರವಿಲ್ಲ. ಸಂಡೂರು, ಹೊಸಪೇಟೆ ಕಡೆಯ ಬೈಕ್ ಆಕ್ಸಿಡೆಂಟ್‌ಗಳೇ ಜಾಸ್ತಿ. ಇಂಪ್ಲಾಂಟ್ ಕಾರ್ಡ್ ನೋಡಿ, ಒಳಗೆ ಬಿಡಬಹುದು ಅಂತ ಖಚಿತವಾದ ಮೇಲಿನ ಮಾತು ನಾನು ಹೇಳುತ್ತಿರುವುದು. ಲೋಹ ಎಂಆರ್‌ಐ ಚಿತ್ರವನ್ನು ಕೆಡಿಸುತ್ತೆ. ಟೈಟೇನಿಯಂ ಆದರೆ ಅಷ್ಟು ಕಾಟವಿಲ್ಲ. ಸ್ಟೀಲ್, ಕೋಬಾಲ್ಟ್-ಕ್ರೋಮ್ ಬಂದರೆ ಲೋಹದ ಸುತ್ತ ಕಪ್ಪು, ಅಂಚಿಗೆ ಬಿಳಿ ಹೊಳಪು, ಪಕ್ಕದ ಮೂಳೆ ಸೊಟ್ಟ.

ಮೆಷಿನ್ ವಿಷಯ ಬೇಗ ಮುಗಿಯುತ್ತೆ. 3 ಟೆಸ್ಲಾದಲ್ಲೇ ಮಾಡಿ ಅಂತ ಚೀಟಿ ಬರುತ್ತೆ (ಟೆಸ್ಲಾ ಅಂದರೆ ಮೆಷಿನ್ನಿನ ಕಾಂತಕ್ಷೇತ್ರದ, ಅಂದರೆ ಫೀಲ್ಡಿನ ಅಳತೆ). ಫೀಲ್ಡ್ ದುಪ್ಪಟ್ಟಾದರೆ ಲೋಹದ ಕಿತಾಪತಿಯೂ ದುಪ್ಪಟ್ಟು. ಇಂಥವರಿಗೆ 1.5 ಟೆಸ್ಲಾ ಸಾಕು. ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ವಿಧಾನಗಳಲ್ಲಿ ಗ್ರೇಡಿಯೆಂಟ್ ಎಕೋ ಅಂತೂ ಬೇಡವೇ ಬೇಡ, ಟರ್ಬೋ ಸ್ಪಿನ್ ಎಕೋ ಹಾಕಿ.

ಚಿತ್ರದಲ್ಲಿ ಕೊಬ್ಬಿನ ಹೊಳಪು ಅಳಿಸುವ ಎರಡು ವಿಧಾನ, ಫ್ಯಾಟ್ ಸ್ಯಾಟ್ ಮತ್ತು ಸ್ಟಿರ್, ಎರಡನ್ನೂ ಒಂದೇ ಮೊಣಕಾಲಿಗೆ ಹಾಕಿ ನೋಡಿದೆ. ಫ್ಯಾಟ್ ಸ್ಯಾಟ್‌ನಲ್ಲಿ ಪ್ಲೇಟಿನ ಪಕ್ಕದ ಕೊಬ್ಬು ಅಳಿಯದೆ ಬೆಳ್ಳಗೆ ಉಳಿಯಿತು. ನೋಡಿದವರು ಬಾವು ಅಂದುಕೊಳ್ಳಬೇಕು, ಹಾಗಿತ್ತು. ಫ್ಯಾಟ್ ಸ್ಯಾಟ್ ಕೊಬ್ಬಿನ ಫ್ರೀಕ್ವೆನ್ಸಿ ಹುಡುಕಿ ಅಳಿಸುತ್ತೆ. ಲೋಹದ ಹತ್ತಿರ ಆ ಫ್ರೀಕ್ವೆನ್ಸಿಯೇ ಜರುಗಿರುತ್ತೆ. ಸ್ಟಿರ್ ಟಿ1 (ಅಂಗಾಂಶದ ಸಿಗ್ನಲ್ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಸಮಯ) ನೋಡಿ ಅಳಿಸುವುದರಿಂದ ಚಿತ್ರ ಸ್ವಲ್ಪ ಮರಳು ಮರಳಾದರೂ ನಂಬಬಹುದು. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ಮಾತ್ರ ಸ್ಟಿರ್ ಬೇಡ, ಕಾಂಟ್ರಾಸ್ಟ್ ಹೀರಿದ ಜಾಗವನ್ನೂ ಅಳಿಸಿಬಿಡಬಹುದು.

ನಾನು ಮೊದಲು ಕೈ ಹಾಕುವುದು ಸಿಗ್ನಲ್ ಓದುವ ಫ್ರೀಕ್ವೆನ್ಸಿ ಹರವಿಗೆ, ಅಂದರೆ ಬ್ಯಾಂಡ್‌ವಿಡ್ತ್‌ಗೆ. ಏರಿಸಿದಷ್ಟೂ ಸೊಟ್ಟ ಕಮ್ಮಿ. ದುಪ್ಪಟ್ಟು ಮಾಡಿದರೆ ಸಿಗ್ನಲ್-ನಾಯ್ಸ್ ಅನುಪಾತ ಸುಮಾರು 30% ಇಳಿಯುತ್ತೆ. ಆವರೇಜ್ (ಅದೇ ಸಿಗ್ನಲ್ಲನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುವುದು) ಹೆಚ್ಚಿಸಿ ಅದನ್ನು ತುಂಬಿಕೊಳ್ಳಬಹುದು, ಟೈಮ್ ಜಾಸ್ತಿ ಅಷ್ಟೇ.

ಇನ್ನು ವ್ಯಾಟ್ (VAT) ಮತ್ತು ಸೆಮ್ಯಾಕ್ (SEMAC), ಲೋಹದಿಂದಾದ ಸೊಟ್ಟ ತಿದ್ದುವ ಎರಡು ವಿಧಾನ. ವ್ಯಾಟ್‌ಗೆ ಟೈಮ್ ಹೆಚ್ಚು ಬೇಡ, ಆದರೆ ಚಿತ್ರ ಮಸುಕು. ಅದು ಸ್ಲೈಸ್ (ಸ್ಕ್ಯಾನಿನ ಒಂದು ಪದರ) ಒಳಗಿನ ಸೊಟ್ಟನ್ನಷ್ಟೇ ಸರಿಮಾಡುತ್ತೆ. 2009ರಲ್ಲಿ ಪ್ರಕಟವಾದ ಸೆಮ್ಯಾಕ್ ಪಕ್ಕದ ಸ್ಲೈಸ್‌ಗೆ ನುಗ್ಗಿದ ಸಿಗ್ನಲ್ಲನ್ನೂ ಅದರ ಜಾಗಕ್ಕೆ ಮರಳಿಸುತ್ತೆ. ಸೊಂಟದ ಕೃತಕ ಕೀಲಿಗೆ ಹಾಕಿದಾಗ ಕಪ್ಪು ಗುಡ್ಡೆ ಕುಗ್ಗಿ, ಕೀಲಿನ ಕುತ್ತಿಗೆ ಪಕ್ಕ ನಿಂತ ನೀರು ಕಂಡಿತು. ವ್ಯಾಟ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಆದರೆ ಸ್ಕ್ಯಾನ್ ಎಳೆಯುತ್ತಾ ಹೋಗುತ್ತೆ. "ಯಣ್ಣಾ, ಇನ್ನಾ ಎಷ್ಟೊತ್ತು?" ಅಂತ ಅಜ್ಜ ಒಳಗಿಂದಲೇ ಕೂಗಿ ಕಾಲು ಅಲ್ಲಾಡಿಸಿದರೆ ಎಲ್ಲಾ ನೀರುಪಾಲು. ಹಾಗಾಗಿ ಸೆಮ್ಯಾಕ್ ಸೊಂಟಕ್ಕೆ, ಅದೂ ಒಂದೆರಡು ಸೀಕ್ವೆನ್ಸ್‌ಗೆ ಮಾತ್ರ. ಟೈಟೇನಿಯಂ ಪ್ಲೇಟಿಗೆ ಅದನ್ನು ಹಾಕುವುದು ಸುಮ್ನೆ ದಂಡ.

ಬೆನ್ನಿನ ಸ್ಕ್ರೂಗೆ ಇದ್ಯಾವುದಕ್ಕಿಂತ ಮುಂಚೆ ಫ್ರೀಕ್ವೆನ್ಸಿ ದಿಕ್ಕನ್ನು (ಸಿಗ್ನಲ್ಲಿನ ಫ್ರೀಕ್ವೆನ್ಸಿಯಿಂದ ಜಾಗ ಗುರುತಿಸುವ ದಿಕ್ಕು) ಸ್ಕ್ರೂ ಉದ್ದಕ್ಕೆ ತಿರುಗಿಸಿ ನೋಡಿ. ಸೊಟ್ಟ ಸ್ಕ್ರೂ ಉದ್ದಕ್ಕೇ ಹೋಗುತ್ತೆ, ಪಕ್ಕದ ನರ ಬಿಡಿಸಿ ಕಾಣುತ್ತೆ.